ಕಡಲೆಕಾಯಿ ಗಿಡದ ಸಾಕ್ಷಿ

“ಸುಳ್ಳು! ನೀವೇ ನೀರು ಬಿಟ್ಟಿದ್ದೀರ!”

ಚಂದ್ರಕಲಾ ತನ್ನ ಕಡಲೆಕಾಯಿ ಮಡಿಯ ಪಕ್ಕದ ಕೆಸರಿನತ್ತ ಕೈ ತೋರಿದಳು. ಎದುರಿಗೆ ಸನಿಕೆ ಹಿಡಿದು, ಮೊಣಕಾಲವರೆಗೆ ಕೆಸರಾಗಿ ನಿಂತಿದ್ದವನು ಹೊಲದ ಒಡೆಯ ರುದ್ರೇಶ್. ಅವಳು ಅವನನ್ನು ನೋಡಿದ್ದು ಅಂದೇ ಮೊದಲು!

“ಬಿಟ್ಟಿಲ್ಲ ಕಣಮ್ಮ. ಪಕ್ಕದ ಪೈಪು ಒಡೆದೋಗಿತ್ತು. ನೀರು ನಿಮ್ಮ ಮಡಿಗೆ ನುಗ್ಗದಂಗೆ ಕಾಲುವೆ ತೆಗ್ದೆ, ಅಷ್ಟೆ.”

ಅವಳು ನಂಬಲಿಲ್ಲ.

ಅದು 2006ರ ಏಪ್ರಿಲ್. ಆಂಧ್ರ ಗಡಿಯ ಹಿಂದೂಪುರದ ಕಾಲೇಜಿನ ಲ್ಯಾಬ್‌ನಿಂದ ಸಂಶೋಧನೆಗೆಂದು ಕಲ್ಯಾಣದುರ್ಗಕ್ಕೆ ಬಂದಿದ್ದಳು. ನೀರಿಲ್ಲದಾಗ ಕಡಲೆಕಾಯಿ ಗಿಡ ತನ್ನೊಳಗಿನ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ. ಸುಡುಬಿಸಿಲಿಗೆ ಬೇರೆ ಕೆಲವನ್ನು. ಎರಡೂ ಒಟ್ಟಿಗೆ ಬಂದರೆ...? ಮೂರು ವರ್ಷದಿಂದ ಅವಳನ್ನು ಕಾಡುತ್ತಿದ್ದ ಪ್ರಶ್ನೆ ಅದು. ಅದಕ್ಕಾಗಿಯೇ ಆ ಒಂದು ಮಡಿಗೆ ತಿಂಗಳಿಡೀ ನೀರು ಕೊಡಬೇಡಿ ಎಂದು ಹೇಳಿ ಕಳಿಸಿದ್ದಳು.

ಆಮೇಲೂ ಪ್ರತಿ ಮಂಗಳವಾರ ಎಲೆ ಕೀಳಲು ಬಂದಳು. ರುದ್ರೇಶ್ ಮತ್ತೆ ವಾದ ಮಾಡಲೇ ಇಲ್ಲ. ದಿನಕ್ಕೆ ಮೂರು ಸಲ ಮಣ್ಣಿನ ಬಿಸಿ ಅಳೆದು ಬರೆದಿಡುತ್ತಿದ್ದ. ಎಲೆಗಳನ್ನು ಕೆಡದಂತೆ ಅತಿಶೀತಲ ದ್ರವ ಸಾರಜನಕದ ಕ್ಯಾನಿಗೆ ಹಾಕುವಾಗ ಏಳುವ ಬಿಳಿ ಹೊಗೆ ಅವಳ ಮುಖಕ್ಕೆ ಬಡಿಯದಂತೆ ಗಾಳಿಗೆ ಅಡ್ಡ ನಿಲ್ಲುತ್ತಿದ್ದ.

‘ಇಷ್ಟು ಒಳ್ಳೆಯವನು... ಸುಳ್ಳೇಕೆ ಹೇಳಿದ?’

ಮನಸ್ಸು ಅವನ ಕಡೆ ಜಾರಿದಷ್ಟೂ ಆ ಅನುಮಾನ ಚುಚ್ಚುತ್ತಿತ್ತು.

ಜೂನ್‌ನಲ್ಲಿ ಲ್ಯಾಬ್‌ನ ಫಲಿತಾಂಶ ಬಂತು. ಜಗಳದ ಮರುವಾರ ಆ ಮಡಿಯಲ್ಲಿ ಕಿತ್ತ ಎಲೆಗಳಲ್ಲಿ ಬೇರೆಯೇ ಜೀನ್‌ಗಳು ಎದ್ದಿದ್ದವು! ನೆರಳಲ್ಲಿ ನೀರಿಲ್ಲದೆ ಇಟ್ಟ ಗಿಡದಲ್ಲೂ ಏಳದ, ಬಿಸಿಲಲ್ಲಿ ನೀರುಂಡ ಗಿಡದಲ್ಲೂ ಏಳದ ಜೀನ್‌ಗಳು! ಎರಡು ಕಷ್ಟ ಒಟ್ಟಿಗೆ ಬಂದಾಗ ಗಿಡ ಹೊಸದೇ ದಾರಿ ಹಿಡಿದಿತ್ತು.

‘ಎಂಥ ಗಿಡ!’ ಎಂದುಕೊಂಡಳು.

ಮರುಕ್ಷಣವೇ ಇನ್ನೊಂದು ಹೊಳೆಯಿತು: ನೀರು ಸಿಕ್ಕಿದ್ದರೆ ಈ ಜೀನ್‌ಗಳು ಏಳುತ್ತಲೇ ಇರಲಿಲ್ಲ. ಹಾಗಾದರೆ ಆ ಮಡಿಗೆ ಹನಿ ನೀರೂ ಹೋಗಿರಲಿಲ್ಲ! ಒಬ್ಬನೇ ಕೆಸರಲ್ಲಿ ನಿಂತು ತನ್ನ ಮೂರು ವರ್ಷವನ್ನು ಉಳಿಸಿಕೊಟ್ಟವನಿಗೆ ತಾನು ಎಂಥ ಮಾತಂದಿದ್ದಳು...

ಮರುದಿನವೇ ಬಸ್ಸು ಹತ್ತಿದಳು.

ರುದ್ರೇಶ್ ಜಗಲಿಯಲ್ಲಿ ಬಿತ್ತನೆ ಕಾಯಿ ಸುಲಿಯುತ್ತಿದ್ದ.

“ಏನ್ರೀ, ಹೇಳ್ದೆ ಕೇಳ್ದೆ ಬಂದ್ಬುಟ್ರಿ?”

“ನೀವು ಹೇಳಿದ್ದು ನಿಜ. ತಪ್ಪಾಯ್ತು... ಕ್ಷಮಿಂಚಂಡಿ! ಅಷ್ಟೊಂದು ಬೈದ್ರೂ ಯಾಕೆ ಸುಮ್ನಿದ್ರಿ?”

“ನನ್ನ ಮಾತು ನಂಬ್ದಿದ್ರೂ ಗಿಡದ್ ಮಾತು ನಂಬ್ತೀರ ಅಂತ ಗೊತ್ತಿತ್ತು.”

ಅವಳು ಜಗಲಿಯ ಅಂಚಿಗೆ ಕುಳಿತಳು.

“ಇನ್ನೊಂದು ಹೇಳ್ತೀನಿ,” ಅವನ ದನಿ ಮೆತ್ತಗಾಯಿತು. “ಲ್ಯಾಬಿಗೆ ತಗೊಂಡೋಗ್ದೆ ನಂಬ್ತೀರಾ?”

“ಹೇಳಿ...”

“ಮಂಗ್ಳಾರ ಯಾವಾಗ ಬತ್ತದೆ ಅಂತ ಕಾಯ್ತಿದ್ದೆ. ಈಗ ನೀವು ಬರಾಕಿಲ್ಲ ಅಂದ್ರೆ ಊಟಾನೇ ಸೇರಾಕಿಲ್ಲ. ನಿಮ್ಮನ್ನ ಬುಟ್ಟು ಇರಾಕಾಗಲ್ಲ ಕಣ್ರೀ.”

ಚಂದ್ರಕಲಾ ಅವನ ಒರಟು ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

“ನಂಬಿದೆ,” ಎಂದಳು. “ನಂಗೂ ಅಷ್ಟೇ...”