ಅಪ್ಪನ ಮುಂದೆ ಆಡಬೇಕಾದ ಮಾತು

ಮೊದಲ ದಿನ ಅವನು ಒಂದು ಬೆರಳು ಎತ್ತಿಯೇ ಮಿರ್ಚಿ ಕೇಳಿದ್ದ.

"ಬಾಯಿ ಇಲ್ಲೇನ್ರೀ?" ಅಂದಿದ್ದಳು ವಿಶಾಖಾ.

ತಿಳಿಯದೆ ಇನ್ನೊಂದು ಬೆರಳು ಎತ್ತಿದ. ಅವಳು ನಕ್ಕು ಎರಡು ಹಾಕಿದಳು.

ಅಯಾನ್ ಬಂಗಾಳದವನು, ಶಕ್ತಿನಗರದಲ್ಲಿ ಗುತ್ತಿಗೆ ಕಂಪನಿಯೊಂದರ ಟೆಕ್ನಿಷಿಯನ್. ಅವಳದು ರಸ್ತೆ ಬದಿಯಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣಿ, ಮಿರ್ಚಿ ಮಾರುವ ಬಂಡಿ. ಕನ್ನಡ ಎಂ.ಎ. ಮುಗಿಸಿ ನೌಕರಿಗೆ ಕಾಯುತ್ತಿದ್ದಳು.

ಎರಡು ವರ್ಷ, ದಿನಕ್ಕೊಂದು ಮಾತು. ಉಳ್ಳಾಗಡ್ಡಿ ಹೆಚ್ಚುತ್ತ ಅವಳು ಹೇಳುವುದು, ತಟ್ಟೆ ಹಿಡಿದು ಅವನು ತಿರುಗಿ ಹೇಳುವುದು. ತಪ್ಪಿದರೆ ಅವಳು ಹುಬ್ಬು ಹಾರಿಸುವಳು. ಆ ಹುಬ್ಬು ನೋಡಲೆಂದೇ ಅವನು ಬೇಕಂತ ತಪ್ಪುವನು.

"ಇಷ್ಟ್ಯಾಕ ಕಲಿಯಾಕತ್ತಿ?"

"ನಿಮ್ಮಪ್ಪನ ಕೂಡ ಮಾತಾಡಾಕ."

ಅವಳ ಚಾಕು ನಿಂತಿತ್ತು.

ಕೊನೆಗೆ ಕಲಿಸಿದ್ದು ಅದನ್ನೇ: "ಯಪ್ಪಾ, ನಿಮ್ಮ ಮಗಳನ್ನ ನನಗ ಕೊಡ್ರಿ." ದೇವದುರ್ಗದಲ್ಲಿ ಹಮಾಲಿ ಮಾಡುವ ಅಪ್ಪ ಪಕೀರಪ್ಪ ಇದನ್ನು ಕೇಳಿ ಹೇಗೆ ತಡಬಡಿಸಿಯಾನೆಂದು ಇಬ್ಬರೂ ನಕ್ಕಿದ್ದರು. ಭಾನುವಾರ ಹೋಗುವುದೆಂದು ನಿಶ್ಚಯವಾಗಿತ್ತು.

ಶುಕ್ರವಾರ ಬಂದವನ ಮಾತು, ಆಫೀಸಿನಲ್ಲಿ ಕೇಳಿ ಕಲಿತದ್ದು, ಟಿವಿಯಲ್ಲಿ ಸುದ್ದಿ ಓದುವವರ ಮಾತಿನಂತೆ ಬಿಗಿಯಾಗಿತ್ತು.

"ನಿನ್ನೆ ಮೀಟಿಂಗ್‌ನಲ್ಲಿ ಕನ್ನಡದಲ್ಲಿ ಮಾತನಾಡಿದೆ. ಎಲ್ಲರೂ ನಕ್ಕರು. ಯಾವ ಓಣಿಯಲ್ಲಿ ಕಲಿತೆ ಅಂತ ಮ್ಯಾನೇಜರ್ ಕೇಳಿದರು."

"ನೀ ಏನಂದಿ?"

"ಲೇಬರ್‌ಗಳ ಹತ್ತಿರ ಅಂದೆ."

ಬಾಣಲೆಯಲ್ಲಿ ಮಿರ್ಚಿ ಕರಕಲಾಗುತ್ತಿತ್ತು. ಅವಳು ತೆಗೆಯಲಿಲ್ಲ.

"ಭಾನುವಾರ ಮ್ಯಾನೇಜರ್ ಕೂಡ ಬರುತ್ತಾರೆ, ನಮ್ಮ ಮನೆಯವರ ಪರವಾಗಿ. ಮಾತು ಅವರೇ ಆಡುತ್ತಾರೆ. ನಿಮ್ಮಪ್ಪನಿಗೆ ಸ್ವಲ್ಪ ಹೇಳು ವಿಶಾಖಾ, ಅವರ ಮುಂದೆ ಜಾಸ್ತಿ ಮಾತು ಬೇಡ."

"ಮಗಳನ್ನ ಕೊಡೋ ಹೊತ್ತಿನ್ಯಾಗ ನಮ್ಮಪ್ಪ ತನ್ನ ಮನ್ಯಾಗ ಬಾಯಿ ಮುಚ್ಕೊಂಡು ಕುಂದ್ರಬೇಕೇನು?"

"ಒಂದೇ ದಿನ."

ಅವಳು ಕರಕಲು ಮಿರ್ಚಿಗಳನ್ನು ಜಾಲರಿ ಸೌಟಿನಲ್ಲಿ ಎತ್ತಿ ಬದಿಗೆ ಚೆಲ್ಲಿದಳು. ಪರೀಕ್ಷೆಯ ಕಾಗದದ ಮೇಲಷ್ಟೇ ಬಳಸಿದ್ದ ಕನ್ನಡ ಬಾಯಿಗೆ ಬಂತು.

"ದಯವಿಟ್ಟು ಭಾನುವಾರ ಬರಬೇಡಿ. ತಮಗೆ ಇನ್ನೇನು ಕೊಡಲಿ, ಸರ್?"

ಅವನ ಮುಖ ಬಿಳಿಚಿತು. "ಹಂಗ್ಯಾಕ ಅಂತಿ? ನಾ ಏನ್ ಮಾಡೀನಿ? ಸಿಟ್ಟಾಗಬ್ಯಾಡ, ನನ್ನ ನೋಡಿಲ್ಲಿ..."

ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಅವಳು ಕಲಿಸಿದ ಮಾತೇ. ಒಂದೂ ತಪ್ಪಿರಲಿಲ್ಲ.

ಅವನ ಹಿಂದೆ ಮುದುಕನೊಬ್ಬ ಗಿರಾಕಿ ಬಂದು ನಿಂತಿದ್ದ.

"ಬರ್ರಿ ಕಾಕಾ," ಅಂದಳು ವಿಶಾಖಾ, ಅಯಾನನ ಹೆಗಲಾಚೆ ನೋಡುತ್ತ, "ಬಿಸಿ ಬಿಸಿ ಕರೀತೀನಿ, ಎಷ್ಟು ಹಾಕಲಿ?"