ಜ್ವರದ ಶಿಬಿರದಿಂದ ಬಂದ ಇಪ್ಪತ್ತು ಕಾಗದ

ಸಮುದ್ರವೇ ಬಾಗಿಲಾಗಿದ್ದ ಒಂದು ಊರಿತ್ತಂತೆ. ಆ ಊರಿಗೆ ಪ್ರತಿ ಸೆಕೆಗಾಲದಲ್ಲೂ ಹಳದಿ ಬಟ್ಟೆಯ ಮುದುಕಿಯೊಬ್ಬಳು ಬರುತ್ತಿದ್ದಳಂತೆ. ಅಲ್ಲೇ ಹುಟ್ಟಿ ಬೆಳೆದವರ ತಂಟೆಗೆ ಅವಳು ಹೋಗುತ್ತಿರಲಿಲ್ಲ. ಹಡಗಿನಿಂದ ಇಳಿದ ಹೊಸಬರನ್ನೇ ಹುಡುಕಿ ಹುಡುಕಿ ಕೈಹಿಡಿಯುತ್ತಿದ್ದಳು. ಸತ್ತವರ ಅಂಗಿಯ ಮಡಿಕೆಯಲ್ಲಿ, ಹಾಸಿಗೆಯ ಹತ್ತಿಯಲ್ಲಿ, ರೋಗಿಗಳ ಮನೆಯಿಂದ ಬಂದ ಕಾಗದಗಳಲ್ಲಿ ಅಡಗಿ ಕೂರುತ್ತಾಳೆ ಎಂದು ಹವಾನಾದ ಅಜ್ಜಿಯರೆಲ್ಲ ಹೇಳುತ್ತಿದ್ದರು. ಮಕ್ಕಳು ನಂಬುತ್ತಿದ್ದರು. ಮಕ್ಕಳ ಅಮ್ಮಂದಿರು ಇನ್ನೂ ಹೆಚ್ಚು ನಂಬುತ್ತಿದ್ದರು.

ಆ ಮುದುಕಿ ಊರು ಬಿಟ್ಟು ಎಷ್ಟೋ ವರ್ಷವಾದ ಮೇಲೆ ನಡೆದ ಕಥೆ ಇದು.

ಹಳದಿ ಜ್ವರದ ಸಂಶೋಧನೆಯ ಹಳೆಯ ಪತ್ರಗಳನ್ನೆಲ್ಲ ಜೋಡಿಸಿಟ್ಟ ಒಂದು ಕೋಣೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಹೆರ್ಮಿನಿಯಾ. ನಲವತ್ತು ವರ್ಷ, ಮದುವೆಯಾಗಿಲ್ಲ, ಬೆರಳ ತುದಿ ಯಾವಾಗಲೂ ಧೂಳು. ವೈದ್ಯರು ವೈದ್ಯರಿಗೆ ಬರೆದ ಪತ್ರಗಳನ್ನು ಓದಿ, ದಿನಾಂಕದಂತೆ ಪಟ್ಟಿ ಮಾಡುವುದು ಅವಳ ಕೆಲಸ.

"ಸೆನ್ಯೋರಾ, ಒಂದು ಕಾಗದ ಬೇಕಿತ್ತು. ನಾನು ಜ್ವರದ ಶಿಬಿರದಲ್ಲಿ ಇದ್ದೆ ಅನ್ನೋದಕ್ಕೆ."

ಅವಳ ಲೇಖನಿ ನಿಂತಿತು.

ತಲೆಯೆತ್ತಬೇಕಾಗಿರಲಿಲ್ಲ. ಸ್ಪೇನಿನ ಗಲೀಷಿಯದ ಹಳ್ಳಿಯ ಆ ಎಳೆದೆಳೆದು ಆಡುವ ಮಾತು... ಇಪ್ಪತ್ತೊಂದು ವರ್ಷ ಕೇಳದಿದ್ದರೂ ಮರೆತುಹೋಗಿರಲಿಲ್ಲ.

ಆದರೂ ತಲೆಯೆತ್ತಿದಳು. ಸೆಲ್ಸೊ. ಕೈಯಲ್ಲಿ ಹುಲ್ಲಿನ ಟೋಪಿ. ಕಬ್ಬಿನ ಗದ್ದೆಯ ಬಿಸಿಲು ಕುಡಿದು ಕಪ್ಪಾದ ಮುಖ. ಕತ್ತಿನ ಮೂಳೆ ಎಣಿಸುವ ಹಾಗೆ ಕಾಣುತ್ತಿತ್ತು. ಅವನೂ ಅವಳನ್ನು ಗುರುತಿಸಿದ. ಅವನ ಬೆರಳುಗಳು ಟೋಪಿಯ ಅಂಚನ್ನು ಹಿಂಡತೊಡಗಿದ್ದವು.

ಒಂದು ಕಾಲದಲ್ಲಿ ಇವನಿಗಾಗಿ ಅವಳು ಪ್ರತಿ ಭಾನುವಾರ ಕಾಯುತ್ತಿದ್ದಳು. ಹಡಗಿನಿಂದ ಇಳಿದವರನ್ನು ಇರಿಸುವ ಕೊಟ್ಟಿಗೆಯಲ್ಲಿ ಅವಳು ಸಾರು ಬಡಿಸುತ್ತಿದ್ದಳು. ಓದು ಬಾರದ ಅವನು ಊರಲ್ಲಿದ್ದ ತಾಯಿಗೆ ಕಾಗದ ಬರೆಸಿಕೊಳ್ಳಲು ಅವಳ ಬಳಿ ಬರುತ್ತಿದ್ದ. ಹೇಳಲು ಏನೂ ಇಲ್ಲದಿದ್ದರೂ ಒಂದು ಗಂಟೆ ಹೇಳುತ್ತಿದ್ದ. ಆಮೇಲೆ ಒಂದು ದಿನ, ಜ್ವರ ಹೇಗೆ ಹರಡುತ್ತದೆಂದು ತಿಳಿಯಲು ವೈದ್ಯರು ಹಣ ಕೊಟ್ಟು ನಡೆಸುತ್ತಿದ್ದ ಪರೀಕ್ಷೆಗೆ ಹೆಸರು ಕೊಟ್ಟು, ಊರಾಚೆಯ ಶಿಬಿರಕ್ಕೆ ಹೊರಟುನಿಂತ. ಇಪ್ಪತ್ತು ರಾತ್ರಿ ಅಷ್ಟೇ, ದಿನಾ ಒಂದು ಕಾಗದ ಬರೆಸಿ ಕಳಿಸುತ್ತೇನೆ ಎಂದಿದ್ದ.

ಒಂದೂ ಬರಲಿಲ್ಲ. ಅವನೂ ಬರಲಿಲ್ಲ.

'ಈಗ ಬಂದಿದ್ದಾನೆ... ಅದೂ ನನಗಾಗಿ ಅಲ್ಲ, ಒಂದು ತುಂಡು ಕಾಗದಕ್ಕಾಗಿ.'

"ಅರ್ಜಿ ಬರೆದು ಕೊಡಿ," ಎಂದಳು.

"ನಂಗೆ ಬರೆಯೋಕೆ ಬರಲ್ಲ."

ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ಅವನು ಗೋಡೆಗೆ ಕೈಯಾನಿಸಿ ತುಂಬ ಹೊತ್ತು ಕೆಮ್ಮಿದ. ಎದೆ ಹೋಗಿದೆ, ಶಿಬಿರದಲ್ಲಿ ಇದ್ದವರಿಗೆ ಒಂದು ಆಸ್ಪತ್ರೆಯಲ್ಲಿ ಒಳಗಿನ ಹಾಸಿಗೆ ಕೊಡುತ್ತಾರಂತೆ, ಸದ್ಯಕ್ಕೆ ಜಗುಲಿಯಲ್ಲಿ ಮಲಗಿಸಿದ್ದಾರೆ ಎಂದು ಆಸ್ಪತ್ರೆಯ ಹೆಸರು ಹೇಳಿದ. ಹುಡುಕುತ್ತೇನೆ, ಸಿಕ್ಕರೆ ಅಲ್ಲಿಗೇ ತಲುಪಿಸುತ್ತೇನೆ ಎಂದು ಅವಳು ಮತ್ತೆ ತಲೆ ತಗ್ಗಿಸಿದಳು. ಅವನು ಹೋದ ಮೇಲೂ ಮುಂದಿದ್ದ ಪತ್ರದ ಒಂದೇ ಸಾಲನ್ನು ನಾಲ್ಕು ಸಲ ಓದಿದಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಹುಡುಕಿದ್ದು ಹಟಕ್ಕೆ. ಬೇಗ ಸಿಕ್ಕಿ ಬೇಗ ಅವನ ಋಣ ಹರಿಯಲಿ ಎಂದು.

ಆ ಕಾಲದ ಕಚೇರಿಗಳಲ್ಲಿ ಒಂದು ಪದ್ಧತಿಯಿತ್ತು. ಗುಮಾಸ್ತ ಬರೆದ ಕಾಗದ ಹೊರಗೆ ಹೋಗುವ ಮೊದಲು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆಗಳ ಪುಸ್ತಕದಲ್ಲಿ ಅದನ್ನಿಟ್ಟು, ಒದ್ದೆ ಬಟ್ಟೆ ಹಾಸಿ, ಕಬ್ಬಿಣದ ಯಂತ್ರದಲ್ಲಿ ಒತ್ತುತ್ತಿದ್ದರು. ಶಾಯಿ ಹಾಳೆಗೆ ಇಳಿದು ನಕಲು ಉಳಿಯುತ್ತಿತ್ತು. ಶಿಬಿರದ ಗುಮಾಸ್ತ ಎವಾರಿಸ್ತೊ ನೇಮನಿಷ್ಠೆಯ ಮನುಷ್ಯ. ತನ್ನ ಲೇಖನಿಯಿಂದ ಹೊರಟ ಯಾವುದನ್ನೂ ಒತ್ತದೆ ಬಿಟ್ಟವನಲ್ಲ. ಅವನು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪುಸ್ತಕ ಮಾತ್ರ ಯಾರೂ ಬಿಚ್ಚದ ಪೆಟ್ಟಿಗೆಯ ತಳದಲ್ಲಿತ್ತು.

ಎಂಬತ್ತೆಂಟನೆಯ ಪತ್ರ: ಹನ್ನೆರಡು ಹೊದಿಕೆ ಬೇಕೆಂದು ಕೋರಿಕೆ. ಎಂಬತ್ತೊಂಬತ್ತು: ಜ್ವರದಿಂದ ಸತ್ತವರ ಬಟ್ಟೆ ತುಂಬಿದ ಗುಡಿಸಲಲ್ಲಿ ಮಲಗಲು ಒಪ್ಪಿದ ಮೂವರ ಹೆಸರುಗಳು, ಎರಡನೆಯದು ಸೆಲ್ಸೊ. ಅವನಿಗೆ ಬೇಕಾದ ಪುರಾವೆ.

ಪುಟ ತಿರುಗಿಸಿದಳು.

ತೊಂಬತ್ತು. ವಿಳಾಸದ ಜಾಗದಲ್ಲಿ ಅವಳದೇ ಹೆಸರು.

ಪುಸ್ತಕವನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು.

"ಸೆನ್ಯೋರಿತಾ ಹೆರ್ಮಿನಿಯಾ ಅವರ ಸನ್ನಿಧಾನಕ್ಕೆ. ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆಳಗೆ ಶಿಲುಬೆ ಗುರುತು ಹಾಕಿರುವ ಸೆಲ್ಸೊ ಎಂಬಾತನು ಮೊದಲನೆಯ ರಾತ್ರಿಯನ್ನು ಆರೋಗ್ಯವಾಗಿ ಕಳೆದಿರುತ್ತಾನೆ. ತಾವು ಅಡುಗೆಮನೆಯ ಹೊಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬಾರದೆಂದು ಕೋರಿರುತ್ತಾನೆ."

ನಗುವೂ ಬಂತು, ಕಣ್ಣೂ ತುಂಬಿತು. ಬೆರಳಿಟ್ಟು ಎಣಿಸಿದಳು. ಔಷಧಿಯ ಪಟ್ಟಿ, ಹಾಸಿಗೆಯ ಲೆಕ್ಕಗಳ ನಡುನಡುವೆ... ಇಪ್ಪತ್ತು. ಒಂದೂ ಕಡಿಮೆಯಿಲ್ಲ.

'ಹಾಗಾದರೆ ಎಲ್ಲಿ ಹೋದವು?'

ಆ ಸಂಜೆ ಅವಳ ತಾಯಿ ಕಂದೆಲಾರಿಯಾ ಅಂಗಳದಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕೆನರಿ ದ್ವೀಪದಿಂದ ಗಂಡ, ಇಬ್ಬರು ಹೆಣ್ಣುಮಕ್ಕಳೊಡನೆ ಬಂದವಳು. ಮೊದಲ ಬೇಸಿಗೆಯಲ್ಲೇ ಗಂಡನನ್ನೂ ದೊಡ್ಡ ಮಗಳನ್ನೂ ಜ್ವರಕ್ಕೆ ಕೊಟ್ಟವಳು.

"ಅಮ್ಮಾ, ಶಿಬಿರದಿಂದ ನಂಗೆ ಕಾಗದ ಬರ್ತಿತ್ತಾ?"

ಮುದುಕಿಯ ಕೈ ನಿಂತಿತು. ಸುಳ್ಳು ಹೇಳಲಿಲ್ಲ. ಜ್ವರದ ಶಿಬಿರದ್ದು ಅಂತ ಹೇಳಿ ಅಂಚೆಯವನು ಹನ್ನೊಂದಕ್ಕೆ ಕೊಟ್ಟು ಹೋಗುತ್ತಿದ್ದ, ನೀನು ಕೆಲಸಕ್ಕೆ ಹೋಗಿರುತ್ತಿದ್ದೆ ಎಂದಳು.

"ಏನು ಮಾಡಿದೆ?"

"ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದೆ. ಕೈಲೂ ಮುಟ್ಟಲಿಲ್ಲ."

"ಏನು ಬರೆದಿದಾನೆ ಅಂತ ಯಾರ ಹತ್ರಾನಾದ್ರೂ ಓದಿಸಬಹುದಿತ್ತಲ್ಲ..."

"ಜ್ವರನ ಯಾರಾದ್ರೂ ಓದಿಸಿ ಕೇಳ್ತಾರೇನೆ? ನಿಮ್ಮಕ್ಕ ನಿಮ್ಮಪ್ಪನ ಅಂಗಿ ಒಗೆದ್ಲು, ಅವಳೂ ಹೋದ್ಲು. ನನ್ನ ಹತ್ರ ಉಳಿದಿದ್ದು ನೀನೊಬ್ಬಳೇ."

ಹೆರ್ಮಿನಿಯಾಗೆ ಕೂಗಾಡಬೇಕೆನಿಸಿತು. ಆಗಲಿಲ್ಲ. ಜ್ವರ ಬಟ್ಟೆಯಲ್ಲಿಲ್ಲ, ಕಾಗದದಲ್ಲಿಲ್ಲ ಎಂದು ತೋರಿಸಲು ಒಬ್ಬನು ಸತ್ತವರ ಅಂಗಿ ತೊಟ್ಟು ಮಲಗಿದ್ದ. ಅದೇ ಹೊತ್ತಿಗೆ ಅವನ ಮಾತುಗಳೆಲ್ಲ ಈ ಒಲೆಯಲ್ಲಿ ಬೂದಿಯಾಗುತ್ತಿದ್ದವು. ಯಾರ ಮೇಲೆ ಸಿಟ್ಟಾಗುವುದು? ಅಮ್ಮನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡು ತಾನೂ ಕಲ್ಲು ಆರಿಸತೊಡಗಿದಳು. ಅವಳ ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು.

ಮರುದಿನ ಪುರಾವೆಯ ಪ್ರತಿಯನ್ನೂ ಆ ಪುಸ್ತಕವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿನ ಸನ್ಯಾಸಿನಿ ಪುರಾವೆ ನೋಡಿ, ಅವನನ್ನು ಜಗುಲಿಯಿಂದ ಒಳಗೆ, ಕಿಟಕಿಯ ಪಕ್ಕದ ಹಾಸಿಗೆಗೆ ಸಾಗಿಸಿದಳು. ಆಮೇಲೆ ಹೆರ್ಮಿನಿಯಾಳನ್ನು ಪಕ್ಕಕ್ಕೆ ಕರೆದು, ಎದೆಯಲ್ಲಿ ಏನೂ ಉಳಿದಿಲ್ಲ, ವಾರವೋ ಹತ್ತು ದಿನವೋ ಎಂದಳು. ನೀವು ಅವರಿಗೆ ಏನಾಗಬೇಕು ಎಂದೂ ಕೇಳಿದಳು. ಹೆರ್ಮಿನಿಯಾ ಬಟ್ಟೆಯಿಂದ ಪುಸ್ತಕ ಬಿಚ್ಚುತ್ತ ಅವನ ಹಾಸಿಗೆಯತ್ತ ನಡೆದಳು.

ಸೆಲ್ಸೊ ಅವಳು ಹೇಳಿದ್ದೆಲ್ಲವನ್ನೂ ಕಣ್ಣು ಮುಚ್ಚಿ ಕೇಳಿದ. ಒಲೆಯ ವಿಷಯ ಬಂದಾಗ ಮಾತ್ರ ಕಣ್ಣು ತೆರೆದ.

"ನೀನು ಓದಿ ನಕ್ಕಿರ್ತೀಯ ಅಂದ್ಕೊಂಡಿದ್ದೆ," ಎಂದ. "ಗುಡಿಸಲಲ್ಲಿ ಹೆಣದ ವಾಸನೆ ಹೊದ್ದು ಮಲಗೋನನ್ನ ಯಾರು ಕಟ್ಕೋತಾರೆ ಅಂತ."

"ನೀನು ಹಣ ತಗೊಂಡು ಇನ್ಯಾರ ಹಿಂದೆಯೋ ಹೋದೆ ಅಂದ್ಕೊಂಡಿದ್ದೆ ನಾನು."

"ಹೋಗಿದ್ದೆ. ಕಬ್ಬಿನ ಹಿಂದೆ."

ಇಷ್ಟು ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಅವನ ನಗು ಕೆಮ್ಮಾಗಿ ತಿರುಗಿ, ಕರವಸ್ತ್ರ ಕೆಂಪಾಯಿತು.

ತಾನು ಹೇಳಿ ಬರೆಸಿದ್ದನ್ನೇ ಎವಾರಿಸ್ತೊ ಬರೆದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ ಎಂದ ಅವನು. ಓದು ಎಂದು ಬೇಡಿಕೊಂಡ.

"ಎಲ್ಲಾ ಓದ್ಬೇಕು. ನಂಗೆ ನಿದ್ದೆ ಬಂದ್ರೂ, ಏನಾದ್ರೂ... ನಿಲ್ಲಿಸ್ಬಾರ್ದು. ಮಾತು ಕೊಡು."

ಕೊಟ್ಟಳು.

ತೆಳು ಹಾಳೆಯಲ್ಲಿ ಶಾಯಿ ಮಸುಕಾಗಿತ್ತು. ಒಂದೊಂದು ಪದವನ್ನೂ ಬೆಳಕಿಗೆ ಹಿಡಿದು ಬಿಡಿಸಬೇಕಿತ್ತು. ದಿನಕ್ಕೆ ಮೂರು ಕಾಗದ ಓದುವಷ್ಟರಲ್ಲಿ ಅವಳ ಕಣ್ಣು ಸೋಲುತ್ತಿತ್ತು, ಅವನ ಉಸಿರು ಸೋಲುತ್ತಿತ್ತು. ಮಾರನೆಯ ಮಧ್ಯಾಹ್ನ ಹಾಸಿಗೆಯಲ್ಲಿ ಅವನು ಇರುತ್ತಾನೋ ಇಲ್ಲವೋ ಎಂದು ಮೆಟ್ಟಿಲು ಹತ್ತುವಾಗ ಕಾಲು ತಾನಾಗಿಯೇ ನಿಧಾನವಾಗುತ್ತಿತ್ತು.

ಮೊದಲ ದಿನಗಳಲ್ಲಿ ಅವನಿಗೆ ಕೋಪ. ತಾನು 'ನೀನಿಲ್ಲದೆ ಹೊತ್ತು ಹೋಗೋದಿಲ್ಲ' ಎಂದರೆ, ಆ ಮಹಾರಾಯ 'ತಮ್ಮ ಗೈರುಹಾಜರಿಯಿಂದ ಕಾಲಹರಣಕ್ಕೆ ತೊಂದರೆಯಾಗಿದೆ' ಎಂದು ಬರೆದಿದ್ದಾನಲ್ಲ ಎಂದು ಗೊಣಗಿದ. ಆದರೆ ಕಾಗದಗಳು ಮುಂದುವರಿದಂತೆ ಗುಮಾಸ್ತನ ಕೈ ಸಡಿಲವಾಗಿತ್ತು. ಹನ್ನೊಂದನೆಯದರಲ್ಲಿ 'ಸನ್ನಿಧಾನ' ಹೋಯಿತು. ಹದಿಮೂರನೆಯದರಿಂದ ಸೆಲ್ಸೊನ ಮಾತು ಹಾಗೇ ಹಾಳೆಗೆ ಇಳಿಯಿತು: ಗುಡಿಸಲಿಗೆ ಕಿಟಕಿಯಿಲ್ಲ, ಹಾಸಿಗೆ ಕೊಡವಿದಾಗ ಮೂವರೂ ಹೊರಗೆ ಓಡಿ ವಾಂತಿ ಮಾಡಿದೆವು, ಮತ್ತೆ ಒಳಗೆ ಹೋದೆವು. ಇದರಿಂದ ಜ್ವರ ಬರುವುದಿಲ್ಲವೆಂದು ಗೊತ್ತಾದರೆ ನಿಮ್ಮಮ್ಮ ಹೆದರುವುದನ್ನು ಬಿಡುತ್ತಾಳೆ, ಅದಕ್ಕೇ ಸಹಿಸುತ್ತಿದ್ದೇನೆ.

ಅದನ್ನೋದಿ ಹೆರ್ಮಿನಿಯಾ ಪುಸ್ತಕದ ಮೇಲೆ ಹಣೆಯಿಟ್ಟುಬಿಟ್ಟಳು. ಸೆಲ್ಸೊ ತನ್ನ ಒರಟು ಅಂಗೈಯನ್ನು ಅವಳ ತಲೆಯ ಮೇಲಿಟ್ಟ.

ಏಳನೆಯ ದಿನ ಅವನಿಗೆ ಮಾತು ಕಷ್ಟವಾಗಿತ್ತು. ಸನ್ಯಾಸಿನಿ ಪಾದ್ರಿಯನ್ನು ಕರೆಸಿದ್ದಳು. ಅವರು ಬಂದು ಹೋಗಿದ್ದರು. ಉಳಿದಿದ್ದು ಎರಡು ಕಾಗದ. ಹತ್ತೊಂಬತ್ತನೆಯದನ್ನು ಓದುವಾಗ ಅವನ ಕಣ್ಣು ಮುಚ್ಚಿತು. ಅವಳು ನಿಲ್ಲಿಸಲಿಲ್ಲ. ಒಂದು ಕೈಯಿಂದ ಅವನ ಮಣಿಕಟ್ಟು ಹಿಡಿದು, ನಾಡಿ ಎಣಿಸುತ್ತಲೇ ಓದಿದಳು. ಇದೆ... ಇದೆ...

ಇಪ್ಪತ್ತು. ಚಿಕ್ಕ ಕಾಗದ.

"ಹೆರ್ಮಿನಿಯಾ, ನಾಳೆ ಬಾಗಿಲು ತೆಗೀತಾರೆ. ನಂಗೆ ಏನೂ ಆಗಿಲ್ಲ. ನಿಮ್ಮ ಬೀದಿ ತಿರುವಿನ ಬ್ರೆಡ್ ಅಂಗಡಿ ಎದುರು ಎರಡು ದಿನ ನಿಂತಿರ್ತೀನಿ. ನೀನು ಬಂದ್ರೆ, ನನ್ನ ಜೊತೆ ಇರ್ತೀಯಾ ಅಂತ ಬಾಯಿಬಿಟ್ಟು ಕೇಳ್ತೀನಿ. ಬರದಿದ್ರೆ ನಿನಗೆ ತೊಂದರೆ ಕೊಡಲ್ಲ. ಎವಾರಿಸ್ತೊ ಅಳ್ತಿದಾನೆ, ಆದ್ರಿಂದ ಇಲ್ಲಿಗೆ ನಿಲ್ಲಿಸ್ತೀನಿ."

ಕೆಳಗೆ ವಾರೆಯಾದ ಒಂದು ಶಿಲುಬೆ.

ಅಂದರೆ ನಿಂತಿದ್ದ. ಎರಡು ದಿನ, ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ. ಅವಳು ಒಳಗೆ, ಅವನ ಕಾಗದ ಬರಲಿಲ್ಲವೆಂದು ಮುಸುಕೆಳೆದು ಮಲಗಿದ್ದಳು.

"ಸೆಲ್ಸೊ..."

ರೆಪ್ಪೆ ಅಲುಗಿತು. ತುಟಿ ಅಲುಗಿತು. ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು.

"ಮುಗೀತಾ?"

"ಮುಗೀತು. ಇಪ್ಪತ್ತೂ ಓದಿದೆ."

"ಸರಿಯಾಗೇ ಬರ್ದಿದಾನೆ."

"ಈಗ ಕೇಳು. ಬಾಯಿಬಿಟ್ಟು ಕೇಳ್ತೀನಿ ಅಂದಿದ್ದೆಯಲ್ಲ."

ಅವನು ತುಂಬ ಹೊತ್ತು ಉಸಿರು ಕೂಡಿಸಿಕೊಂಡ.

"ಜೊತೆ ಇರ್ತೀಯಾ?"

"ಇರ್ತೀನಿ," ಎಂದಳು ಹೆರ್ಮಿನಿಯಾ. ಪುಸ್ತಕ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಹಾಸಿಗೆಯ ಅಂಚಿನಲ್ಲಿ ಅವನ ಪಕ್ಕಕ್ಕೆ ಒರಗಿ ಕೂತಳು. "ನೀನು ಇರೋವರೆಗೂ."