ಮೊಳೆಗೆ ನೇತುಹಾಕಿದ ವಾಚು

ಮೊಬೈಲ್ ರಿಪೇರಿ ಅಂಗಡಿಯ ಹುಡುಗಿ ಬೇಕರಿಯ ಹಿಂಬಾಗಿಲಿನಿಂದ ನುಗ್ಗಿದಳು. ಮೊಣಕೈವರೆಗೆ ಹಿಟ್ಟಿನಲ್ಲಿದ್ದ ಬೇಕರಿಯವನು ಅವಳನ್ನೊಮ್ಮೆ ನೋಡಿ, ಮುಖ ಗಂಟಿಕ್ಕಿ, ಮತ್ತೆ ನಾದತೊಡಗಿದ.

“ಬೆಳಗ್ಗೆಯಿಂದ ನಾಲ್ಕು ಮೆಸೇಜ್ ಹಾಕಿದೀನಿ. ಬಾಯಲ್ಲೇನು ಬನ್ ಇಟ್ಕೊಂಡಿದ್ಯಾ?”

“ಸುಳ್ಳು. ಒಂದೂ ಬಂದಿಲ್ಲ.”

“ಸುಳ್ಳು ಹೇಳ್ತೀನಾ ನಾನು?”

“ಸ್ಮಾರ್ಟ್ ವಾಚು ನೀನೇ ಕೊಡಿಸಿದೆ, ನೀನೇ ಸೆಟ್ ಮಾಡಿದೆ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಬೇಡ, ಎಲ್ಲಾ ಇದ್ರಲ್ಲೇ ಬರುತ್ತೆ ಅಂದೆ. ಆರು ಗಂಟೆಯಿಂದ ಅದರ ಮುಖಾನೇ ನೋಡ್ತಿದೀನಿ. ನಿನಗೆ ಪುರುಸೊತ್ತಿಲ್ಲ, ಅಷ್ಟೇ.”

ಅಂಗಡಿಯ ಮುಂಭಾಗದಿಂದ ಅವನ ಚಿಕ್ಕಮ್ಮ ಕೂಗಿದಳು. “ಮೆಲ್ಲಗೆ ಜಗಳ ಆಡ್ರಪ್ಪಾ! ಗಿರಾಕಿಗಳು ಕೇಕ್ ಬಿಟ್ಟು ನಿಮ್ಮ ಮಾತೇ ಕೇಳ್ತಿದಾರೆ.”

ಹುಡುಗಿಯ ರಿಪೇರಿ ಅಂಗಡಿಯ ಮಾಲೀಕರು ದೂರದ ಊರಿನಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ಹೋಗುವೆಯಾ, ಮಧ್ಯಾಹ್ನದೊಳಗೆ ಹೇಳು ಎಂದಿದ್ದರು. ಅವಳು ಇವನನ್ನು ಕೇಳಿದ್ದು ಒಂದೇ ಮಾತು. ಉತ್ತರ ಬರಲಿಲ್ಲ. ಬಾರದಿದ್ದುದನ್ನೇ ಉತ್ತರವೆಂದುಕೊಂಡಳು.

ಎದುರಿಗೆ ನಿಂತು ಬಯ್ಯುವವರಿರುವುದೂ ದೇವರು ಕೊಟ್ಟ ಭಾಗ್ಯವೇ. ಇರುವಾಗ ಅದು ಯಾರಿಗೂ ತಿಳಿಯುವುದಿಲ್ಲ.

“ಆ ವಾಚು ಕೊಡು ಇಲ್ಲಿ.”

“ಅಲ್ಲಿದೆ. ತಗೊಂಡು ಹೋಗು.”

ಅವನು ಗದ್ದದಿಂದ ಗೋಡೆ ತೋರಿಸಿದ. ಕಣ್ಣಿನ ಎತ್ತರಕ್ಕೆ ಮೊಳೆ, ಮೊಳೆಯಲ್ಲಿ ವಾಚು. ಅದರ ಗಾಜಿನ ಮೇಲೆ ಪುಟ್ಟ ಬೀಗದ ಗುರುತು.

“ಕೈಗೆ ಕಟ್ಟಿಲ್ವಾ?”

“ಹಿಟ್ಟಾಗುತ್ತೆ. ಹೊಸದಲ್ವಾ... ಕಣ್ಣೆದುರಿಗೆ ಇರ್ಲಿ ಅಂತ ನೇತುಹಾಕಿದೆ.”

“ಅಯ್ಯೋ ಪೆದ್ದೇ! ಕೈಯಿಂದ ಬಿಚ್ಚಿದ್ರೆ ಅದು ಲಾಕ್ ಆಗುತ್ತೆ. ಆಮೇಲೆ ಬರೋದೆಲ್ಲ ಫೋನಿಗೆ ಹೋಗುತ್ತೆ. ಫೋನೆಲ್ಲಿ?”

“ಬೀರುವಿನಲ್ಲಿ, ಸೈಲೆಂಟಲ್ಲಿ. ಮುಟ್ಟಬೇಡ ಅಂದೋಳು ನೀನೇ. ಲಾಕ್ ವಿಷಯ ಯಾವಾಗ ಹೇಳಿದ್ದೆ?”

ಹೇಳಿರಲಿಲ್ಲ. ಸೆಟ್ ಮಾಡಿದ ದಿನ ಅವನ ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು. ಅದನ್ನೇ ನೋಡುತ್ತ ಆ ಮಾತು ಮರೆತಿದ್ದಳು. ಆದರೆ ಈಗ ಅದನ್ನು ಒಪ್ಪಿಕೊಳ್ಳುವವಳಲ್ಲ. ಅವನ ಎಡಗೈಯನ್ನು ರಪ್ಪನೆ ಎಳೆದು, ಏಪ್ರನ್ನಿಗೆ ಒರೆಸಿ, ವಾಚು ಬಿಗಿದಳು. ಅಂಕಿ ಒತ್ತಿ ಲಾಕ್ ತೆಗೆದಳು. ತನ್ನ ಫೋನಿನಿಂದ ಐದನೆಯ ಮೆಸೇಜ್ ಕಳಿಸಿದಳು.

ವಾಚು ಅವನ ಮಣಿಕಟ್ಟಿನಲ್ಲಿ ನಡುಗಿತು. ಅವನು ಓದಿದ: ‘ಹೋಗಲಾ, ಇರಲಾ?’

“ಎಲ್ಲಿಗೆ?”

“ದೂರದ ಊರಿಗೆ, ಹೊಸ ಅಂಗಡಿಗೆ. ಸಾರ್‌ಗೆ ಈಗಲೇ ಹೇಳ್ಬೇಕು.”

ಅವನ ಮುಖ ಹಿಟ್ಟಿನಷ್ಟೇ ಬಿಳುಚಿತು. ಉತ್ತರಿಸಲು ಗಾಜನ್ನು ಒತ್ತಿದ. ಬೆರಳಿನ ಹಿಟ್ಟು ಮೆತ್ತಿಕೊಂಡಿತೇ ಹೊರತು ಅಕ್ಷರ ಮೂಡಲಿಲ್ಲ.

“ಹೋಗ್ಬೇಡ,” ಎಂದ ಕೊನೆಗೆ, ಬಾಯಲ್ಲೇ. “ನೀನಿಲ್ದೆ ನಂಗಾಗಲ್ಲ.”

ಅವಳು ಅದೇ ಸಿಟ್ಟಿನ ದನಿಯಲ್ಲಿ ಮಾಲೀಕರಿಗೆ ಫೋನ್ ಮಾಡಿದಳು. ಅವನ ಕೈ ಮಾತ್ರ ಬಿಡಲಿಲ್ಲ.

“ಸಾರ್, ಬೇರೆ ಯಾರನ್ನಾದ್ರೂ ಕಳಿಸಿ. ಇಲ್ಲೊಂದು ರಿಪೇರಿ ಬಾಕಿ ಇದೆ... ಇಲ್ಲ ಸಾರ್, ಈ ಜನ್ಮದಲ್ಲಿ ಮುಗಿಯೋ ಹಾಗೆ ಕಾಣ್ಸಲ್ಲ.”